ಬೂದಿ ರೋಗಕ್ಕೆ ಎಲೆ ಒದ್ದೆಯಾಗಬೇಕಿಲ್ಲ

ಎಲೆ ಮೇಲೆ ನೀರು ನಿಂತರೆ ಬೂದಿ ರೋಗ (ಎಲೆಗೆ ಬಿಳಿ ಪುಡಿ ಹತ್ತುವ ಶಿಲೀಂಧ್ರ ರೋಗ) ಬರುತ್ತದೆ ಅಂತ ಕೆಲವರು ಬರೆಯುತ್ತಾರೆ. ಅದು ಕೇವುಡ ರೋಗದ (ಡೌನಿ ಮಿಲ್ಡ್ಯೂ) ಗುಣ. ಬೂದಿ ಶಿಲೀಂಧ್ರಕ್ಕೆ ನಿಂತ ನೀರು ಬೇಡ, ಗಾಳಿಯ ತೇವವೇ ಸಾಕು. ಅದಕ್ಕೇ ಬಳ್ಳಾರಿ, ಸಿರುಗುಪ್ಪ ಕಡೆ ಮಳೆ ಮುಗಿದು ರಾತ್ರಿ ಚಳಿ, ಹಗಲು ಒಣ ಬಿಸಿಲು ಶುರುವಾದ ಮೇಲೆ ಬೆಂಡೆ, ಸೌತೆ, ಕುಂಬಳಕ್ಕೆ ಇದರ ಕಾಟ ಜಾಸ್ತಿ.

ಕುಂಬಳದ ಎಲೆಯಲ್ಲಿ ಬಿಳಿ ಮಚ್ಚೆ ಕಂಡರೆ ಮೊದಲು ಬೆರಳಿಂದ ಒರೆಸಿ. ಪುಡಿ ಅಂಟಿದರೆ ರೋಗ. ಅಂಟದೆ ನರದ ಗುಂಟ ಬೆಳ್ಳಿ ಬಣ್ಣ ಇದ್ದರೆ ಅದು ತಳಿಯ ಗುಣ, ಬಿಟ್ಟುಬಿಡಿ.

ಬೆಂಡೆಗೆ ನೀರಲ್ಲಿ ಬೆರೆಯುವ ಗಂಧಕದ ಪುಡಿ (80 ಡಬ್ಲ್ಯೂಪಿ) ಲೀಟರಿಗೆ 2ರಿಂದ 2.5 ಗ್ರಾಂ, 16 ಲೀಟರ್ ಪಂಪಿಗೆ 40 ಗ್ರಾಂ ದಾಟಬಾರದು. ಮೊದಲು ಮಗ್ಗಿನಲ್ಲಿ ಕಲಸಿ ಸೋಸಿ ಹಾಕಿ, ಇಲ್ಲಾಂದ್ರೆ ನಾಜಲ್ ಕಟ್ಟುತ್ತದೆ. ಎಲೆಯ ಅಡಿಗೂ ಬೀಳಬೇಕು. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆದರೆ ಎಲೆ ಸುಡುತ್ತದೆ. ಸೌತೆ, ಹೀರೆ ಇನ್ನೂ ಸೂಕ್ಷ್ಮ, ಎರಡು ಎಲೆಗೆ ಹೊಡೆದು ಎರಡು ದಿನ ನೋಡಿ. ಬೇವಿನೆಣ್ಣೆ ಹೊಡೆದಿದ್ದರೆ 15 ದಿನ ಗಂಧಕದ ಗೊಡವೆಗೆ ಹೋಗಬೇಡಿ.

ಮೆಣಸಿನಗಿಡದ್ದು ಬೇರೆಯೇ ಕಥೆ. ಅಲ್ಲಿ ಶಿಲೀಂಧ್ರ ಎಲೆಯೊಳಗೆ ಬೆಳೆದು ಪುಡಿ ಅಡಿಯಲ್ಲಿ ಕಾಣುತ್ತದೆ, ಮೇಲೆ ಹಳದಿ ಮಚ್ಚೆ ಮಾತ್ರ. ಗೊಬ್ಬರ ಸಾಲದು ಅಂತ ಯೂರಿಯಾ ಹಾಕಿದರೆ ರೋಗಕ್ಕೆ ಊಟ ಬಡಿಸಿದಂತೆ. ಎಲೆ ಉದುರುತ್ತಿದ್ದರೆ ಗಂಧಕ ಒಳಗೆ ಮುಟ್ಟಲ್ಲ. ಅಜೋಕ್ಸಿಸ್ಟ್ರೋಬಿನ್ 23 ಎಸ್‌ಸಿ ಎಂಬ ಶಿಲೀಂಧ್ರನಾಶಕ ಲೀಟರಿಗೆ 1 ಮಿಲಿ ಹೊಡೆದು, ಲೇಬಲ್‌ನಲ್ಲಿ ಹೇಳಿದಷ್ಟು ದಿನ ಕಾಯಿ ಬಿಡಿಸಬೇಡಿ.