ಕಾಲು ಎಚ್‌ಪಿ ಮೋಟ್ರು

“ಒಂದು ಮೋಟ್ರು ತಗೋಬೇಕು” ಅಂತ ಮಾವನ ಮುಂದೆ ಬಾಯಿ ತಪ್ಪಿ ಅಂದುಬಿಟ್ಟೆ. ದೀಪಾವಳಿಗೆ ಹೆಂಡತಿಯ ಊರಿಗೆ ಹೋಗಿದ್ದೆ. ಒಬ್ಬಟ್ಟು ಜಾಸ್ತಿಯಾಗಿ ನಾಲಿಗೆ ಸಡಿಲವಾಗಿತ್ತು.

ಮಂಡ್ಯದ ಕಡೆ ಮೋಟ್ರು ಅಂದರೆ ಒಂದೇ ಅರ್ಥ. ಅದು ಬೋರ್‌ವೆಲ್ ಒಳಗಿರುತ್ತದೆ, ನೀರೆತ್ತುತ್ತದೆ, ಕಬ್ಬಿಗೆ ನೀರು ಬೇಕೇಬೇಕು ಅನ್ನುವ ವಾರ ನೋಡಿಕೊಂಡೇ ಸುಡುತ್ತದೆ. ಮಾವ ಕಾಫಿ ಲೋಟ ಕೆಳಗಿಟ್ಟರು.

“ಎಷ್ಟು ಅಡಿಗೆ?”

“ಏನು ಮಾವ?”

“ನೀರು.”

“ನೀರಿಗಲ್ಲ ಮಾವ. ವಿಮಾನಕ್ಕೆ.”

ಅವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಮಗಳನ್ನು ನೋಡಿದರು. ಬ್ಯಾಂಕ್ ಕೆಲಸದ ಹುಡುಗ ಅಂತ ಹೆಣ್ಣು ಕೊಟ್ಟಿದ್ದ ಮನುಷ್ಯ ಅವರು. ನನ್ನವಳು, “ಆಟದ ವಿಮಾನ ಅಪ್ಪ. ನಾಲ್ಕು ತಿಂಗಳಿಂದ ಇದೇ ಗೋಳು” ಅಂತ ಒಂದೇ ಸಾಲಿನಲ್ಲಿ ನನ್ನ ಮಾನ ಮುಗಿಸಿದಳು.

ಆಟದ್ದು ಅಂದರೆ ನನಗೆ ಸ್ವಲ್ಪ ಉರಿಯುತ್ತದೆ. ಅದು ಗ್ಲೈಡರ್. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎರಡು ಮೀಟರ್. ಬಾಲ್ಸಾ ಕಟ್ಟಿಗೆ ಕೊಯ್ದು, ಅಂಟಿಸಿ, ಮರಳು ಕಾಗದದಲ್ಲಿ ಉಜ್ಜಿ ನಾನೇ ಕಟ್ಟಿದ್ದು. ಹದ್ದು ರೆಕ್ಕೆ ಬಡಿಯದೆ ಬಿಸಿಗಾಳಿಯಲ್ಲಿ ಸುತ್ತು ಹಾಕುತ್ತಾ ಮೇಲೇರುತ್ತದಲ್ಲ, ಇದೂ ಹಾಗೇ ಏರಬೇಕು. ಆದರೆ ಮೊದಲು ಯಾರಾದರೂ ಅದನ್ನು ಅಷ್ಟೆತ್ತರಕ್ಕೆ ಮುಟ್ಟಿಸಬೇಕು. ಉದ್ದದ ರಬ್ಬರ್ ಹಗ್ಗ ಎಳೆದು ಕವಣೆಯಂತೆ ಬಿಡುವುದು ಹಳೆಯ ಪದ್ಧತಿ. ಅದಕ್ಕೆ ನೂರು ಮೀಟರಿಗೂ ಜಾಸ್ತಿ ಬಯಲು ಬೇಕು. ಮೈಸೂರಲ್ಲಿ ಒಂದು ಕಡೆ ಬರೀ ಸೈಟುಗಳು, ಇನ್ನೊಂದು ಕಡೆ ಮಂಡಕಳ್ಳಿ ವಿಮಾನ ನಿಲ್ದಾಣ. ಅದರ ಹತ್ತಿರ ಇಂಥವನ್ನು ಹಾರಿಸುವ ಹಾಗಿಲ್ಲ. ಮಾವನ ಗದ್ದೆಯಲ್ಲಿ ಒಮ್ಮೆ ಪ್ರಯತ್ನಿಸಿದೆ. ಹಗ್ಗ ಎಳೆದು ಇನ್ನೇನು ಬಿಡಬೇಕು, ಪಕ್ಕದವರ ಎಮ್ಮೆ ಬಂದು ಅದರ ಮೇಲೇ ನಿಂತಿತು. ಹತ್ತು ನಿಮಿಷ ನಿಂತಿತ್ತು. ನಾನೂ ನಿಂತಿದ್ದೆ.

ಅದಕ್ಕೇ ಮೋಟರು. ಮೂಗಿನಲ್ಲಿ ಒಂದು ಪುಟ್ಟ ಮೋಟರು, ಅದಕ್ಕೊಂದು ಮಡಚುವ ಪ್ರೊಪೆಲ್ಲರು. ಅರ್ಧ ನಿಮಿಷ ಓಡಿಸಿ ಮೇಲೆ ಹೋಗುವುದು, ಆಫ್ ಮಾಡುವುದು, ಎಲೆಗಳು ಮೂಗಿಗೆ ಅಂಟಿಕೊಂಡು ಮಡಚಿಕೊಳ್ಳುವುದು, ಆಮೇಲೆ ಸುಮ್ನೆ ತೇಲುವುದು.

“ಎಷ್ಟ್ ಎಚ್‌ಪಿ?” ಅಂದರು ಮಾವ.

ಅಲ್ಲೇ ಲೆಕ್ಕ ಹಾಕಿದೆ. ಗ್ಲೈಡರಿಗೆ ಕೆಜಿಗೆ 150ರಿಂದ 200 ವ್ಯಾಟ್ ಇದ್ದರೆ ಸಲೀಸಾಗಿ ಏರುತ್ತದೆ. ನನ್ನದು ಬ್ಯಾಟರಿ ಸೇರಿ 900 ಗ್ರಾಂ. ಅಂದರೆ ಹೆಚ್ಚೆಂದರೆ 180 ವ್ಯಾಟ್. ಒಂದು ಎಚ್‌ಪಿ ಅಂದರೆ 746 ವ್ಯಾಟ್.

“ಕಾಲು ಎಚ್‌ಪಿ ಮಾವ.”

“ಅಲ್ಲ ಅಳಿಯಂದ್ರೆ, ನಮ್ಮನೆ ಮಿಕ್ಸಿನೇ ಅದಕ್ಕಿಂತ ಜಾಸ್ತಿ ಐತಲ್ಲ!”

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಲೈನ್‌ಮನ್ ಬಂದು ಜಗಲಿಯಲ್ಲಿ ಕೂತರು. ನಾನು ಮೊಬೈಲು ತೆಗೆದು ಮೋಟರುಗಳ ಪಟ್ಟಿ ಓದತೊಡಗಿದೆ. “ನೋಡಿ, ಇದು 1000 ಕೆವಿ. ಇದು 1400 ಕೆವಿ. ಇದು 2200 ಕೆವಿ.”

ಲೈನ್‌ಮನ್ ಬಾಯಲ್ಲಿದ್ದ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. “ಎರಡು ಸಾವಿರದ ಇನ್ನೂರು ಕೆವಿನಾ? ಸಾ, ನಮ್ಮೂರ್ ಲೈನು ಹನ್ನೊಂದು ಕೆವಿ. ಸಬ್‌ಸ್ಟೇಷನ್ನು ಅರವತ್ತಾರು. ಮೂವತ್ತು ವರ್ಷ ಕಂಬ ಹತ್ತಿವ್ನಿ. ಯಾರ್ ಕೊಟ್ರು ನಿಮಗೆ ಲೈಸೆನ್ಸು?”

ಅವರ ಗಾಬರಿ ನ್ಯಾಯವೇ. 1902ರಲ್ಲೇ ಶಿವನಸಮುದ್ರದಲ್ಲಿ ಕರೆಂಟು ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ಸೀಮೆ ಇದು. ಇಲ್ಲಿಯವರಿಗೆ ಕೆವಿ ಅಂದರೆ ಏನು ಅಂತ ಮೈಸೂರಿನ ಬ್ಯಾಂಕಿನವನು ಹೇಳಿಕೊಡಬಾರದು. ಆದರೂ ಹೇಳಿದೆ. ಇದು ಕಿಲೋ ವೋಲ್ಟ್ ಅಲ್ಲ. ಮೋಟರಿಗೆ ಒಂದು ವೋಲ್ಟ್ ಕೊಟ್ಟರೆ, ಮೇಲೆ ಹೊರೆ ಇಲ್ಲದಾಗ, ನಿಮಿಷಕ್ಕೆ ಎಷ್ಟು ಸುತ್ತು ಅನ್ನುವ ಲೆಕ್ಕ. ಮೂರು ಸೆಲ್ಲಿನ ಬ್ಯಾಟರಿ 11.1 ವೋಲ್ಟು. 1000 ಕೆವಿ ಮೋಟರು ಅದರಲ್ಲಿ 11,100 ಸುತ್ತು ಹಾಕುತ್ತದೆ. ಬಹಳ ಚೆನ್ನಾಗಿ ವಿವರಿಸಿದೆ. ಅದು ನನಗೇ ಅರ್ಥವಾಗಿರಲಿಲ್ಲ ಅಂತ ಗೊತ್ತಾಗಿದ್ದು ಆಮೇಲೆ.

ಮೊದಲ ಮೋಟರು ಬಂತು. ಈ ಮೋಟರುಗಳಿಗೆ ಹೆಸರಿನ ಬದಲು ನಾಲ್ಕಂಕಿಯ ನಂಬರು. ನನ್ನ ಗ್ಲೈಡರಿನ ಮೂಗಿನ ಒಳಗಿನ ಅಗಲ 32 ಮಿಲಿಮೀಟರ್. ನಾನು ತರಿಸಿದ್ದು 2814. ಅಂದರೆ 28 ಮಿಲಿಮೀಟರ್ ಅಗಲ, ಇನ್ನೂ ನಾಲ್ಕು ಮಿಲಿಮೀಟರ್ ಆಚೀಚೆ ಗಾಳಿಯಾಡಲು. ಇಷ್ಟು ಜಾಣತನದ ಲೆಕ್ಕ ಬ್ಯಾಂಕಿನಲ್ಲೂ ಹಾಕಿರಲಿಲ್ಲ.

ಪೆಟ್ಟಿಗೆ ಬಿಚ್ಚಿದರೆ ಮೋಟರು 35 ಮಿಲಿಮೀಟರ್ ಇದೆ. ಅಡುಗೆಮನೆಯ ತೂಕದ ಯಂತ್ರದಲ್ಲಿಟ್ಟರೆ ನೂರು ಗ್ರಾಂಗೂ ಜಾಸ್ತಿ. ಸ್ಕೇಲು ಬದಲಿಸಿ ಅಳೆದೆ. ನನ್ನವಳ ಟೈಲರಿಂಗ್ ಟೇಪಿನಲ್ಲಿ ಸುತ್ತಳತೆ ತೆಗೆದು ಭಾಗಿಸಿದೆ. ಮೂವತ್ತೈದೇ.

“ಬಳೆ ಅಂಗಡೀಲಿ ಎರಡು-ನಾಲ್ಕು, ಎರಡು-ಆರು ಅಂತ ನಂಬರು ಹೇಳ್ತಾರಲ್ಲ, ಅದು ಬಳೆ ಒಳಗಿನ ಅಳತೆಯೋ ಹೊರಗಿನದೋ?” ಅಂದಳು ನನ್ನವಳು ಚಪಾತಿ ಲಟ್ಟಿಸುತ್ತಾ.

“ಒಳಗಿನದು.”

“ಮತ್ತೆ?”

ಮತ್ತೆ ಏನು! ಅಷ್ಟೇ. ಕೆಲವರು ಮೋಟರಿನ ಹೊರ ಡಬ್ಬಿಯ ಅಳತೆಯನ್ನೇ ನಂಬರಾಗಿ ಕೊಡುತ್ತಾರೆ. ಇನ್ನು ಕೆಲವರು ಒಳಗೆ ತಂತಿ ಸುತ್ತಿರುವ ಸ್ಟೇಟರಿನ ಅಳತೆ ಕೊಡುತ್ತಾರೆ. ನನ್ನದು ಎರಡನೇ ಜಾತಿ. ಅದರ ಸ್ಟೇಟರೇ 28. ಅದರ ಮೇಲೆ ಅಯಸ್ಕಾಂತ, ಅದರ ಮೇಲೆ ಡಬ್ಬಿ.

ಇಲ್ಲಿಗೆ ಬಿಟ್ಟಿದ್ದರೆ ವಾಪಸ್ಸಾದರೂ ಕಳಿಸಬಹುದಿತ್ತು. ಆದರೆ ಬಳೆಯ ಮಾತು ತಲೆಯಲ್ಲಿ ಕೂತಿತ್ತು. ಬಿಗಿ ಬಳೆಗೆ ಸೋಪು ಹಚ್ಚಿ ತೊಡಿಸುತ್ತಾರೆ, ಅಲ್ವಾ? ಮೂಗಿನ ಒಳಗೆ ಅರದಲ್ಲಿ ಉಜ್ಜಿ, ಸೋಪು ಸವರಿ, ಮೋಟರು ಒತ್ತಿದೆ. ಅದು ಅರ್ಧ ಹೋಯಿತು. ‘ಟಿಕ್’ ಅಂತು. ಮೋಟರಿಗೆ ಏನೂ ಆಗಲಿಲ್ಲ. ಮೂಗು ಮೇಲಿಂದ ಕೆಳಗೆ ಸೀಳಿತ್ತು.

ಮೂಗಿಗೆ ಫೈಬರ್ ಬಟ್ಟೆ ಸುತ್ತಿ ಎಪಾಕ್ಸಿ ಬಳಿದು ಎರಡನೇ ಮೋಟರು ತರಿಸಿದೆ. ಈ ಸಲ 2212. ಸ್ಟೇಟರ್ 22, ಹೊರಗೆ 28. ಕೂತಿತು! ಆದರೆ ಅದೇ 2212 ಬೇರೆ ಬೇರೆ ಕೆವಿಯಲ್ಲಿ ಸಿಗುತ್ತದೆ. ಬೆಲೆ ಹೆಚ್ಚೂಕಡಿಮೆ ಒಂದೇ. ಅದೇ ದುಡ್ಡಿಗೆ 1000 ಯಾಕೆ, 2200 ತಗೊಂಡರಾಯಿತು ಅಂದುಕೊಂಡೆ. ಪಿಯುಸಿ ಅಂಕದ ಹಾಗೆ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದು ನಮ್ಮ ರಕ್ತದಲ್ಲೇ ಇದೆ.

ಚಪಾತಿ ಮಣೆಗೆ ಮೋಟರು ಸ್ಕ್ರೂ ಮಾಡಿ, 10 ಇಂಚಿನ ಪ್ರೊಪೆಲ್ಲರು ಹಾಕಿ, ಊಟದ ಮೇಜಿಗೆ ಬಿಗಿದೆ. ಮನೆಯೊಳಗೆ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರು ಬಿಚ್ಚಿಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಬೇರೆಯವರಿಗೆ ಹೇಳಿದ್ದೇನೆ. ರಿಮೋಟಿನ ಕಡ್ಡಿ ಮುಕ್ಕಾಲು ಎತ್ತಿದೆ. ಮೊದಲು ಕ್ಯಾಲೆಂಡರು ಹೋಯಿತು. ಆಮೇಲೆ ಮುಚ್ಚಳ ತೆಗೆದಿಟ್ಟಿದ್ದ ರಾಗಿಹಿಟ್ಟಿನ ಡಬ್ಬಿಯಿಂದ ಒಂದು ಮೋಡ ಎದ್ದಿತು. ಆ ಮೋಡದೊಳಗೆ ನಾನು ಆಫ್ ಮಾಡಲು ಕಡ್ಡಿ ಹುಡುಕುತ್ತಿದ್ದಾಗ ಒಂದು ವಾಸನೆ ಬಂತು.

“ರೀ, ಸಾರು ತಳ ಹಿಡೀತಾ ನೋಡಿ!” ಅಂತ ಬಚ್ಚಲಿಂದ ಕೂಗಿದಳು.

ಹಿಡಿದದ್ದು ಸಾರಲ್ಲ. ಇಎಸ್‌ಸಿ, ಅಂದರೆ ಮೋಟರಿನ ವೇಗ ಹಿಡಿತದಲ್ಲಿಡುವ ಬಿಲ್ಲೆ, ಹೇಗೋ ಬದುಕಿತು. ಮೋಟರು ಕರ್ರಗಾಯಿತು.

ಮುಂದಿನ ಭಾನುವಾರ ಮಾವನೇ ನನ್ನನ್ನು ಮಂಡ್ಯದ ವೈಂಡಿಂಗ್ ಅಂಗಡಿಗೆ ಕರೆದುಕೊಂಡು ಹೋದರು. ಬೆಳ್ಳುಳ್ಳಿ ಗೊಂಚಲಿನ ಹಾಗೆ ತಾಮ್ರದ ತಂತಿಯ ಸುರುಳಿಗಳು ನೇತಾಡುತ್ತಿದ್ದವು. ನೆಲದ ಮೇಲೆ ಹೊಟ್ಟೆ ಬಗೆದ ಪಂಪ್‌ಸೆಟ್ಟುಗಳು. ಎಲ್ಲೆಲ್ಲೂ ವಾರ್ನಿಶ್ ವಾಸನೆ. ಅಲ್ಲಿ ಕೂತಿದ್ದ ನಾಲ್ಕು ಜನರ ನಡುವೆ ನಾನು ಜೇಬಿನಿಂದ ಮೋಟರು ತೆಗೆದು ಕೌಂಟರಿನ ಮೇಲಿಟ್ಟೆ. ನಿಂಬೆಹಣ್ಣಿಗಿಂತ ಚಿಕ್ಕದು. ಯಾರೂ ನಗಲಿಲ್ಲ. ಅದೇ ಕಷ್ಟವಾಗಿದ್ದು.

ಅಂಗಡಿಯಣ್ಣ ಮೊದಲು ಮೂಸಿದ. “ಓವರ್‌ಲೋಡು” ಅಂದ. ಹಿಂದಿನ ಪುಟ್ಟ ಲಾಕು ಸ್ಕ್ರೂಡ್ರೈವರಿನಲ್ಲಿ ಎಬ್ಬಿಸಿ, ಹೊರಗಿನ ಬಟ್ಟಲು ಎಳೆದ. ಅಯಸ್ಕಾಂತ ಬಿಡಲಿಲ್ಲ. ಮತ್ತೆ ಎಳೆದ. ‘ಚಕ್’ ಅಂತ ಬಂತು. ಉಗುರಿನ ತುದಿಯಲ್ಲಿ ಹಲ್ಲು ಎಣಿಸಿದ. “ಹನ್ನೆರಡು. ಮೂರು ವೈರು. ತ್ರೀ ಫೇಸು ಕನಣ್ಣೋ ಇದು!” ಅಂತ ಮಾವನಿಗೆ ತೋರಿಸಿದ. ಬಟ್ಟಲು ತಿರುಗಿಸಿ ನೋಡಿದ. “ತಂತಿ ಒಳಗೆ ಸುಮ್ನೆ ಕೂತದೆ, ಹೊರಗಡೇದು ತಿರುಗ್ತದೆ. ಸೀಲಿಂಗ್ ಫ್ಯಾನ್ ಜಾತಿ.”

ಎಷ್ಟೋ ದಿನ ಕೂತು ಓದಿದ್ದರೂ ಔಟ್‌ರನ್ನರ್ (ಹೀಗೆ ಹೊರಗಿನದು ತಿರುಗುವ ಮೋಟರಿನ ಹೆಸರು) ಅಂದರೆ ತಲೆಯ ಮೇಲೆ ತಿರುಗುವ ಫ್ಯಾನೇ ಅಂತ ನನಗೆ ಹೊಳೆದಿರಲಿಲ್ಲ.

ಕೆವಿ ವಿಷಯವನ್ನೂ ಅವನೇ ಬಿಡಿಸಿದ. ದಪ್ಪ ತಂತಿ, ಕಮ್ಮಿ ಸುತ್ತು ಸುತ್ತಿದರೆ ಮೋಟರು ಜೋರಾಗಿ ಓಡುತ್ತದೆ. ಸಣ್ಣ ತಂತಿ, ಜಾಸ್ತಿ ಸುತ್ತು ಸುತ್ತಿದರೆ ನಿಧಾನ. “ಇದು ಓಡೋ ಮೋಟ್ರು ಸಾ. ನೀವು ಎಳೆಯೋ ಕೆಲ್ಸ ಕೊಟ್ಟಿದೀರ.” ಮಾವ ತಲೆಯಾಡಿಸಿ, “ಐದು ಎಚ್‌ಪಿ ಮೋಟ್ರಿಗೆ ಸ್ಟೇಜ್ ಜಾಸ್ತಿ ಇರೋ ಪಂಪು ಕಟ್ಟಿದಂಗೆ” ಅಂದರು. ಹೌದು, 2200 ಕೆವಿಗೆ 6 ಇಂಚಿನ ಪ್ರೊಪೆಲ್ಲರು ಸರಿ. 10 ಇಂಚಿನದು ಹಾಕಿದರೆ ಅದು 24 ಸಾವಿರ ಸುತ್ತಿಗೆ ಹೋರಾಡಿ, ತಲುಪಲಾಗದೆ, ಕರೆಂಟು ಕುಡಿದು ಕುಡಿದು ಸುಡುತ್ತದೆ. ಗ್ಲೈಡರಿಗೆ ದೊಡ್ಡ ಎಲೆ ನಿಧಾನವಾಗಿ ತಿರುಗುವುದೇ ಲೇಸು. ಸುಟ್ಟ ಮೋಟರು ಬಿಟ್ಟು ಹೋಗಿ ಅಂದ. ಯಾಕೆ ಅಂತ ಕೇಳಿದೆ. “ಮಕ್ಕಳಿಗೆ ತೋರಿಸ್ತೀನಿ” ಅಂದ.

ಮೂರನೆಯದು 2212, 1000 ಕೆವಿ. 30 ಆಂಪಿಯರಿನ ಇಎಸ್‌ಸಿ. ಈ ಸಲ ತೂಕವೂ ಸರಿ, ಮೂಗೂ ಸರಿ.

ಸಂಕ್ರಾಂತಿ ಬೆಳಿಗ್ಗೆ. ಭತ್ತ ಕೊಯ್ದ ಗದ್ದೆ. ಸಂಜೆ ಕಿಚ್ಚು ಹಾಯಿಸಲು ಎತ್ತುಗಳ ಮೈ ತೊಳೆಯುತ್ತಿದ್ದವರೆಲ್ಲ ಕೆಲಸ ಬಿಟ್ಟು ಬಂದರು. ಬ್ಯಾಟರಿ ಸಿಕ್ಕಿಸಿದ ಕೂಡಲೇ ಮೋಟರು ‘ಕೀ ಕೀ ಕೀ’ ಅಂತು. ಸೆಲ್ಲು ಮೂರು ಅಂತ ಲೆಕ್ಕ ಒಪ್ಪಿಸುವುದು ಅದು. ನಾನು ಹಿಂದಿನಿಂದ ಹಿಡಿದು, ಎದುರಿಗೆ ಯಾರೂ ಬರಬೇಡಿ ಅಂತ ಕೂಗಿ, ಕಡ್ಡಿ ಎತ್ತಿದೆ. ಗ್ಲೈಡರು ಮುಂದೆ ಹೋಗುವ ಬದಲು ನನ್ನ ಎದೆಗೇ ಬಂದು ಒತ್ತಿತು. ನನ್ನ ಕಡೆ ಬೀಸಬೇಕಿದ್ದ ಗಾಳಿ ಆ ಕಡೆ ಬೀಸಿ, ಇಪ್ಪತ್ತು ಅಡಿ ದೂರ ನಿಂತಿದ್ದ ಮಾವನ ಬಿಳಿ ಪಂಚೆಗೆ ಗದ್ದೆಯ ಹೊಟ್ಟೂ ಧೂಳೂ ಬಳಿಯಿತು.

ಮಾವ ಕೊಡವಿಕೊಂಡು ಬಂದರು. “ಉಲ್ಟಾ ತಿರುಗ್ತೈತೆ. ಸ್ಟಾರ್ಟ್ರು ಎಲ್ಲೈತೆ?” ಅಂದರು. ಇಎಸ್‌ಸಿ ತೋರಿಸಿದೆ. ಬ್ಯಾಟರಿ ಬಿಚ್ಚಿಸಿದರು. ಮೂರು ವೈರಿನಲ್ಲಿ ಎರಡನ್ನು ಕಿತ್ತು ಅದಲು ಬದಲು ಸಿಕ್ಕಿಸಿದರು. ಅವರ ಬೋರ್‌ವೆಲ್ ಮೋಟರು ಉಲ್ಟಾ ಓಡಿದಾಗ ಮಾಡುವುದೂ ಅಷ್ಟೇ. ಸರಿಯಾಯಿತು.

ಹಾರಿತು ಸ್ವಾಮಿ! ನಾಲ್ಕು ತೆಂಗಿನಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರ. ಬಾಯಿ ತೆರೆದುಕೊಂಡು ನಿಂತಿದ್ದವರಲ್ಲಿ ಲೈನ್‌ಮನ್ನೂ ಒಬ್ಬರು. ನಾನು ಗತ್ತಿನಿಂದ ಮೋಟರು ಆಫ್ ಮಾಡಿದೆ. ಪ್ರೊಪೆಲ್ಲರು ಮಡಚಿಕೊಳ್ಳಲಿಲ್ಲ. ಎದುರುಗಾಳಿಗೆ ಗಿರಗಟ್ಟೆಯ ಹಾಗೆ ತಿರುಗುತ್ತಲೇ ಇತ್ತು. ಇಎಸ್‌ಸಿಯಲ್ಲಿ ಬ್ರೇಕ್ ಅನ್ನುವ ಒಂದು ಸೆಟ್ಟಿಂಗ್ ಇರುತ್ತದೆ. ಅದನ್ನು ಆನ್ ಮಾಡಿದರೆ ಮಾತ್ರ ಮೋಟರು ಗಕ್ಕನೆ ನಿಂತು ಎಲೆ ಮಡಚಿಕೊಳ್ಳುತ್ತದೆ. ಅದು ನೆನಪಾಗುವ ಹೊತ್ತಿಗೆ ನನ್ನ ಹದ್ದು ತಿರುಗುವ ಎಲೆಗಳನ್ನು ಎಳೆದುಕೊಂಡು, ಕೋಳಿಯ ಹಾಗೆ ಇಳಿದು, ಪಕ್ಕದವರ ಕಬ್ಬಿನ ಗದ್ದೆಯೊಳಗೆ ಹೋಯಿತು. ಅದೇ ಎಮ್ಮೆಯವರ ಕಬ್ಬು.

ಎರಡಾಳೆತ್ತರದ ಕಬ್ಬಿನಲ್ಲಿ ಎರಡು ಮೀಟರ್ ರೆಕ್ಕೆ ಏನೂ ಅಲ್ಲ. ಸೋಗೆ ಕೊಯ್ದು ಕೈಯೆಲ್ಲ ಉರಿ. ಅರ್ಧ ಗಂಟೆ ಹುಡುಕಿದ ಮೇಲೆ ರಿಮೋಟು ಆಫ್ ಮಾಡಿ ನೋಡಿದೆ. ನನ್ನ ಇಎಸ್‌ಸಿಗೆ ಸಿಗ್ನಲ್ ತಪ್ಪಿದರೆ ಕೂಗುವ ಅಭ್ಯಾಸವಿದೆ. ಸ್ಪೀಕರು ಬೇರೆ ಇಲ್ಲ, ಮೋಟರಿನ ಸುರುಳಿಗಳನ್ನೇ ನಡುಗಿಸಿ ಸದ್ದು ಮಾಡುತ್ತದೆ. ಎಲ್ಲರೂ ಉಸಿರು ಬಿಗಿಹಿಡಿದರು. ದೂರದಲ್ಲಿ ‘ಕೀ… ಕೀ…’

“ಮೋಟ್ರು ಕೂಗ್ತೈತೆ!” ಅಂತ ಮಾವ ನುಗ್ಗಿದರು. ಎತ್ತಿಕೊಂಡು ಬಂದು, ಮುರಿದ ರೆಕ್ಕೆಯ ಕಡೆ ನೋಡದೆ, ಪ್ರೊಪೆಲ್ಲರು ಬೆರಳಿನಲ್ಲಿ ಒಂದು ಸುತ್ತು ತಿರುಗಿಸಿ ಕಿವಿಯ ಹತ್ತಿರ ಹಿಡಿದರು. “ಬೇರಿಂಗ್ ಚೆನ್ನಾಗೈತೆ ಬುಡಿ.” ಕಬ್ಬಿನವರು ಮುರಿದ ಜಲ್ಲೆ ಎಣಿಸಿ ಆರು ಅಂದರು. ದುಡ್ಡು ಬೇಡ, ತಿಂದುಕೊಂಡು ಹೋಗಿ ಅಂದರು.

ರಾತ್ರಿ ತೋಟದ ಮನೆಯಲ್ಲೇ ಮಲಗಿದ್ದೆವು. ಬ್ರೇಕ್ ಸೆಟ್ಟಿಂಗ್ ಸರಿ ಮಾಡಿ, ರಿಮೋಟನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದೆ. ಹನ್ನೊಂದೂವರೆಗೆ ತ್ರೀ ಫೇಸ್ ಬಂತು. ಬಲ್ಬು ಝಗ್ಗಂತು.

“ಅಳಿಯಂದ್ರೆ, ಕರೆಂಟ್ ಬಂತು. ಮೋಟ್ರು ಹಾಕ್ಬುಡಿ” ಅಂದರು ಮಾವ, ಕಂಬಳಿಯೊಳಗಿಂದ.

ನಾನು ನಿದ್ದೆಗಣ್ಣಿನಲ್ಲಿ ಎದ್ದು ಬಾಗಿಲವರೆಗೂ ಹೋಗಿದ್ದೆ. ಮಾವ ಕಂಬಳಿ ಸರಿಸಿ, ನನ್ನ ಕೈಯಲ್ಲಿದ್ದ ರಿಮೋಟಿನ ಮೇಲೆ ಟಾರ್ಚು ಬಿಟ್ಟರು.

“ಅದಲ್ಲ. ದೊಡ್ಡದು.”