ಇಲಿ ಜ್ವರ ಈಗ ಯಾರಿಗೆ ಬರುತ್ತಿದೆ?

ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡ್‌ನಲ್ಲಿ 1930ರ ದಶಕದಲ್ಲಿ ಕಬ್ಬು ಕಡಿಯುವವರು ಒಂದು ವಿಚಿತ್ರ ಬೇಡಿಕೆ ಇಟ್ಟು ಮುಷ್ಕರ ಹೂಡಿದರು. ಮೊದಲು ಕಬ್ಬಿಗೆ ಬೆಂಕಿ ಹಾಕಿ, ಆಮೇಲೆ ನಾವು ಕಡಿಯುತ್ತೇವೆ ಅಂತ. ಕೂಲಿ ಜಾಸ್ತಿ ಮಾಡಿ ಅಂತಲ್ಲ, ಬೆಂಕಿ ಹಾಕಿ ಅಂತ!

ಕಾರಣ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್. ಇಂಗಮ್ ಎಂಬ ಊರಿನ ಸುತ್ತ ಕಬ್ಬು ಕಡಿಯುವವರು ಜ್ವರ, ಕಾಮಾಲೆ ಬಂದು ಮಲಗುತ್ತಿದ್ದರು. ಕೆಲವರು ಸತ್ತೂ ಹೋದರು. ಕಬ್ಬಿನ ನಡುವೆ ಇಲಿಗಳ ರಾಜ್ಯ. ಅವುಗಳ ಮೂತ್ರದಲ್ಲಿ ಬ್ಯಾಕ್ಟೀರಿಯಾ. ಕೆಳಗೆ ಒದ್ದೆ ತರಗು, ಮೇಲೆ ಕೈಕಾಲೆಲ್ಲ ಗೀರು ಬಿದ್ದ ಮನುಷ್ಯ. ಈ ಬ್ಯಾಕ್ಟೀರಿಯಾಕ್ಕೆ ಒಳಗೆ ಬರಲು ಅಷ್ಟು ಗೀರು ಸಾಕು. ಬೆಂಕಿ ಹಾಕಿದರೆ ಇಲಿ ಓಡುತ್ತದೆ, ತರಗು ಸುಡುತ್ತದೆ, ನೆಲ ಒಣಗುತ್ತದೆ. ಆದರೆ ಸುಟ್ಟ ಕಬ್ಬು ಬೇಗ ಕೆಡುತ್ತದೆ, ಗಿರಣಿಯವರು ಸುಲಭಕ್ಕೆ ಒಪ್ಪಲಿಲ್ಲ. ಜಗಳವಾಗಿ, ಕೊನೆಗೆ ಸುಟ್ಟು ಕಡಿಯುವ ಪದ್ಧತಿಯೇ ಖಾಯಂ ಆಯಿತು. ಮುಂದೆ ಯಂತ್ರ ಬಂತು. ಕತ್ತಿ ಹಿಡಿದು ಗದ್ದೆಗೆ ಇಳಿಯುವವರೇ ಇಲ್ಲವಾದರು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು ಅಲ್ವಾ? ಮುಗಿಯಲಿಲ್ಲ. 1990ರ ದಶಕದ ಕೊನೆಯ ಹೊತ್ತಿಗೆ ಅದೇ ಸೀಮೆಯಲ್ಲಿ ರೋಗ ಬಾಳೆ ತೋಟದ ಕೆಲಸಗಾರರಲ್ಲಿ ಕಾಣಿಸಿಕೊಂಡಿತು. ಅದೇ ಮಳೆ, ಅದೇ ಇಲಿ, ಮತ್ತೆ ಕೈಯಿಂದ ಮಾಡುವ ಕೆಲಸ. ಬೆಳೆ ಮಾತ್ರ ಬೇರೆ.

ಈ ರೋಗದ ಬಗ್ಗೆ ನನ್ನ ತಕರಾರು ಇಲ್ಲಿಂದಲೇ ಶುರು. ಮನುಷ್ಯ ಒದ್ದೆ ನೆಲಕ್ಕೆ, ನಿಂತ ನೀರಿಗೆ ಹೇಗೆ ಇಳಿಯುತ್ತಾನೆ ಅನ್ನುವುದು ಬದಲಾದಂತೆ ರೋಗವೂ ಜಾಗ ಬದಲಿಸುತ್ತದೆ. ನಮ್ಮ ತಲೆಯಲ್ಲಿ ಮಾತ್ರ ಅದು ಗದ್ದೆಯಲ್ಲೇ ನಿಂತಿದೆ. ಜ್ವರ ಬಂದವರು ಆಫೀಸಿಗೆ ಹೋಗುವವರಾದರೆ ಇಲಿ ಜ್ವರ ಯಾರಿಗೂ ನೆನಪಾಗುವುದೇ ಇಲ್ಲ.

ಗದ್ದೆಯ ಚಿತ್ರ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಥಾಯ್ಲೆಂಡ್‌ನಲ್ಲಿ 1990ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಕೆಲವು ನೂರು ಇದ್ದ ಪ್ರಕರಣಗಳು 2000ದಲ್ಲಿ 14 ಸಾವಿರ ದಾಟಿದವು. ಬಹುಪಾಲು ಈಶಾನ್ಯದ ಭತ್ತದ ರೈತರೇ. ಆಮೇಲೆ ಇಳಿಯಿತು. ಶ್ರೀಲಂಕಾದಲ್ಲಿ 2008ರಲ್ಲಿ ಒಂದೇ ವರ್ಷ 7 ಸಾವಿರಕ್ಕೂ ಹೆಚ್ಚು. ಅಲ್ಲೂ ಗದ್ದೆಯವರು ತುಂಬಾ ಜನ. ಆದರೆ ಹವಾಯಿ ನೋಡಿ. ಹಿಂದೆ ಕೆಸುವಿನ ಗದ್ದೆ, ಕಬ್ಬಿನ ತೋಟದ ಕೆಲಸದಿಂದ ಬರುತ್ತಿದ್ದದ್ದು ಆಮೇಲೆ ಹಳ್ಳ, ಜಲಪಾತಗಳಲ್ಲಿ ಈಜಲು ಹೋದವರಲ್ಲಿ ಹೆಚ್ಚಾಯಿತು. 2000ದಲ್ಲಿ ಮಲೇಷ್ಯಾದ ಸಬಾದಲ್ಲಿ ಸಾಹಸ ಓಟಕ್ಕೆ 300ಕ್ಕೂ ಹೆಚ್ಚು ಸ್ಪರ್ಧಿಗಳು ಬಂದಿದ್ದರು. ಸೆಗಾಮಾ ನದಿಯಲ್ಲಿ ಈಜಿ, ದೋಣಿ ಹುಟ್ಟು ಹಾಕಿ, ವಿಮಾನ ಹತ್ತಿ ತಂತಮ್ಮ ದೇಶಕ್ಕೆ ಹೋದರು. ಕಾಯಿಲೆ ಬಿದ್ದದ್ದು ಅಲ್ಲಿ. ಸೋಂಕು ತಗುಲಿ ಜ್ವರ ಬರಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಷ್ಟರಲ್ಲಿ ನದಿಯ ನೆನಪು ಯಾರಿಗಿರುತ್ತದೆ?

ಇನ್ನು ಊರು ಬೆಳೆದು ನಗರವಾದಾಗ ಆಗುವುದೇ ಬೇರೆ. ಬ್ರೆಜಿಲ್‌ನ ಸಾಲ್ವಡಾರ್‌ನಲ್ಲಿ 1996ರ ಮಳೆಗಾಲದಲ್ಲಿ ಜನ ಕಾಯಿಲೆ ಬಿದ್ದದ್ದು ಕೊಳೆಗೇರಿಗಳಲ್ಲಿ. ತೆರೆದ ಚರಂಡಿ, ಮನೆ ಬಾಗಿಲಿಗೇ ಬರುವ ನೀರು, ಪಕ್ಕದಲ್ಲೇ ಕಸದ ರಾಶಿ. ಗದ್ದೆಯ ಕೆಲಸದವರು ಸಂಜೆ ಮನೆಗೆ ಹೋಗುತ್ತಾರೆ, ಇವರಿಗೆ ಮನೆಯೇ ಗದ್ದೆ. ಗಮ್‌ಬೂಟು ಹಾಕಿಕೊಳ್ಳಿ ಅನ್ನುವ ಸಲಹೆಗೆ ಇಲ್ಲಿ ಏನರ್ಥ? 2005ರ ಜುಲೈ 26ರಂದು ಮುಂಬೈನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ಸೊಂಟದ ಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರಲ್ಲಿ ಎಲ್ಲ ತರಹದ ಜನರೂ ಇದ್ದರು. ಹಿಂದೆಯೇ ಇಲಿ ಜ್ವರವೂ ಬಂತು. 2009ರ ಕೆಟ್ಸಾನಾ ಚಂಡಮಾರುತದ ನಂತರ ಮನಿಲಾದಲ್ಲೂ ಹಾಗೆಯೇ. ಪ್ರವಾಹದ ಸುದ್ದಿ ಟಿವಿಯಿಂದ ಮಾಯವಾದ ಮೇಲೆ ಆಸ್ಪತ್ರೆ ತುಂಬುತ್ತದೆ. ಇದು ಪ್ರತಿ ಸಲ ನಡೆಯುತ್ತದೆ, ಪ್ರತಿ ಸಲ "ದಿಢೀರ್" ಅಂತ ಬರೆಯುತ್ತಾರೆ.

ರೋಗ ಬರುವವರು ಬದಲಾದರು ಅಷ್ಟೇ ಅಲ್ಲ, ರೋಗದ ಮುಖವೂ ಕೆಲವು ಕಡೆ ಬೇರೆಯಾಗಿ ಕಂಡಿತು. ಜರ್ಮನಿಯ ವೈದ್ಯ ಅಡಾಲ್ಫ್ ವೈಲ್ 1886ರಲ್ಲಿ ಬರೆದ ಲಕ್ಷಣಗಳೆಂದರೆ ಜ್ವರ, ಕಾಮಾಲೆ, ಕಿಡ್ನಿಯ ತೊಂದರೆ. ಅದನ್ನೇ ಓದಿದವರು ಕಣ್ಣು ಹಳದಿಯಾಗಿದೆಯಾ ಅಂತ ನೋಡುತ್ತಾರೆ. 1980ರ ದಶಕದ ಕೊನೆಯಲ್ಲಿ ಅಂಡಮಾನ್‌ನ ದಿಗ್ಲಿಪುರದ ಕಡೆ ಜನ ಜ್ವರ ಬಂದು, ರಕ್ತ ಕೆಮ್ಮಿ ಸಾಯತೊಡಗಿದರು. ಅದಕ್ಕೆ ಅಂಡಮಾನ್ ರಕ್ತಸ್ರಾವ ಜ್ವರ ಅಂತಲೇ ಕರೆದರು. ಅದು ಇಲಿ ಜ್ವರ ಅಂತ ಗೊತ್ತಾಗಲು ವರ್ಷಗಳೇ ಹಿಡಿದವು. 1995ರಲ್ಲಿ ನಿಕರಾಗುವಾದಲ್ಲೂ ಇದೇ ಪಾಡು. ಕಾಮಾಲೆ ಇಲ್ಲ, ಶ್ವಾಸಕೋಶದಲ್ಲಿ ರಕ್ತ. ಮೊದಲು ಡೆಂಗಿ ಇರಬಹುದು ಅಂದುಕೊಂಡರು. ಅಲ್ಲಿ ಇಲಿಗಿಂತ ನಾಯಿಗಳ ಮೇಲೆ ಅನುಮಾನ ಹೋಯಿತು. ದನ, ಹಂದಿಗಳೂ ಈ ಬ್ಯಾಕ್ಟೀರಿಯಾವನ್ನು ಕಿಡ್ನಿಯಲ್ಲಿ ಇಟ್ಟುಕೊಂಡು ತಿರುಗುತ್ತವೆ. ಎಲ್ಲ ತಪ್ಪನ್ನೂ ಇಲಿಯ ಮೇಲೆ ಹಾಕುವುದು ನಮಗೆ ಸುಲಭ, ಅಷ್ಟೇ.

ಅಂಕಿ-ಅಂಶದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಸಿಡುಕು ಮನುಷ್ಯ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಜನರಿಗೆ ತೀವ್ರವಾದ ಇಲಿ ಜ್ವರ, 59 ಸಾವಿರದ ಹತ್ತಿರ ಸಾವು ಅಂತ 2015ರಲ್ಲಿ ಬಂದ ಅಂದಾಜು. ಅಂದಾಜು, ಎಣಿಕೆಯಲ್ಲ. ಎಣಿಸುವುದಾದರೂ ಹೇಗೆ? ರಕ್ತದಲ್ಲಿ ಪ್ರತಿಕಾಯ ಕಾಣಲು ಸುಮಾರು ಒಂದು ವಾರ ಬೇಕು. ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆ ಮೊದಲ ವಾರದಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಕಷ್ಟ. ಹಳೆಯ ಪಕ್ಕಾ ಪರೀಕ್ಷೆಗೆ ಜೀವಂತ ಬ್ಯಾಕ್ಟೀರಿಯಾಗಳನ್ನು ಲ್ಯಾಬಿನಲ್ಲಿ ಸಾಕಬೇಕು, ರೋಗಿಯ ರಕ್ತ ಎರಡು ಸಲ ಬೇಕು. ಗುಣವಾದವರು ಎರಡನೇ ಸಲ ರಕ್ತ ಕೊಡಲು ಬರುತ್ತಾರಾ? ಸತ್ತವರಂತೂ ಬರುವುದಿಲ್ಲ. ಹಾಗಾಗಿ ಪ್ರಕರಣ ಏರಿತು, ಇಳಿಯಿತು ಅಂತ ಯಾರಾದರೂ ಗ್ರಾಫ್ ತೋರಿಸಿದರೆ ನನ್ನ ಮೊದಲ ಪ್ರಶ್ನೆ ಒಂದೇ: ಆ ವರ್ಷ ಯಾವ ಪರೀಕ್ಷೆ ಮಾಡಿದ್ದರು, ಎಷ್ಟು ಜನರಿಗೆ? ಸುಲಭದ ಕಿಟ್ ಬಂದ ವರ್ಷ ಗ್ರಾಫ್ ಮೇಲೇರಬಹುದು. ಎಲ್ಲರೂ ಡೆಂಗಿ ಹುಡುಕುವ ವರ್ಷ ಕೆಳಗಿಳಿಯಬಹುದು. ಇಲಿಗಳಿಗೆ ಇದಾವುದೂ ಗೊತ್ತಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ, ಇದು ಮದ್ದಿಲ್ಲದ ರೋಗ ಅಲ್ಲ. ಪೆನ್ಸಿಲಿನ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್‌ನಂಥ ಹಳೆಯ ಔಷಧಿಗಳಿಗೇ ಬಗ್ಗುತ್ತದೆ, ಬೇಗ ಶುರು ಮಾಡಿದರೆ. 2018ರ ಪ್ರವಾಹದಲ್ಲಿ ಕೇರಳ ಸರ್ಕಾರ ನೀರಿಗಿಳಿದವರಿಗೆಲ್ಲ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ನುಂಗಿ ಅಂತ ಹಂಚಿತು. ನನಗೆ ಹಿಡಿಸಿದ್ದು ಮಾತ್ರೆಗಿಂತ ಆ ಲೆಕ್ಕಾಚಾರ. ಅವರು ನಿಮ್ಮ ಕೆಲಸ ಏನು ಅಂತ ಕೇಳಲಿಲ್ಲ, ನೀರಿಗಿಳಿದಿರಾ ಅಂತ ಕೇಳಿದರು. ಜ್ವರ, ಮೀನಖಂಡದಲ್ಲಿ ಹಿಂಡುವ ನೋವು, ಕೆಂಪಾದ ಕಣ್ಣು ಇಟ್ಟುಕೊಂಡು ಬಂದವರನ್ನೂ ಹಾಗೇ ಕೇಳಬೇಕು: ಕಳೆದ ಮೂರ್ನಾಲ್ಕು ವಾರದಲ್ಲಿ ಎಲ್ಲಿ ಕಾಲು ಒದ್ದೆ ಮಾಡಿಕೊಂಡಿರಿ? ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಚರಂಡಿ ದಾಟಿದ್ದು, ಹಳ್ಳದಲ್ಲಿ ಈಜಿದ್ದು, ನೀರು ನುಗ್ಗಿದ ಮನೆ ತೊಳೆದದ್ದು, ಎಲ್ಲವನ್ನೂ. ಅನುಮಾನ ಬಲವಾಗಿದ್ದರೆ ಅವರು ವರದಿಗೆ ಕಾಯದೆ ಔಷಧಿ ಶುರು ಮಾಡುತ್ತಾರೆ.