ಮುಳ್ಳು ಪೆಡಲ್, ಮಂಡ್ಯದ ಬೆಲ್ಲ

ಒಳ್ಳೆ ದುಬಾರಿ ಮೌಂಟನ್ ಬೈಕ್‌ಗಳಿಗೆ ಸಾಮಾನ್ಯವಾಗಿ ಪೆಡಲ್ಲೇ ಇರುವುದಿಲ್ಲ, ಗೊತ್ತಾ? ತಮಾಷೆ ಅಲ್ಲ. ಗೇರು, ಶಾಕು, ಡಿಸ್ಕ್ ಬ್ರೇಕು ಎಲ್ಲ ಕೊಟ್ಟು ಕಾಲಿಡುವ ಜಾಗ ಮಾತ್ರ ಖಾಲಿ ಬಿಟ್ಟು ಕಳಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಥರದ ಪೆಡಲ್ ಇಷ್ಟ, ಅವರವರಿಗೆ ಬೇಕಾದ್ದನ್ನು ಅವರೇ ಕೊಂಡುಕೊಳ್ಳಲಿ ಅನ್ನೋದು ಲೆಕ್ಕಾಚಾರ. ಈ ಲೆಕ್ಕಾಚಾರವನ್ನು ಮಂಡ್ಯದಲ್ಲಿ ಒಬ್ಬ ದೊಡ್ಡಪ್ಪನಿಗೆ ವಿವರಿಸಿ ನೋಡಿ. ನಮ್ಮ ದೊಡ್ಡಪ್ಪ ಹೊಸ ಸೈಕಲ್ಲಿಗೆ ಒಂದು ಸುತ್ತು ಬಂದರು, ಬಗ್ಗಿ ನೋಡಿದರು, ಬೆಲೆ ಕೇಳಿ ಇನ್ನೊಂದು ಸಲ ಬಗ್ಗಿ ನೋಡಿದರು. "ಅಂಗಡಿಯೋನು ಪೆಡ್ಲು ಬಿಚ್ಕಂಡು ಮಡಿಕಂಡವ್ನೆ ಕಣ್ಲಾ. ಹಸ ಮಾರ್ದೋನು ಹಗ್ಗ ಮಡಿಕಂಡ್ರೆ ಸರಿ, ಕಾಲ್ನೇ ಮಡಿಕಂಡ್ರೆ ಎಂಗ್ಲಾ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂಗಡಿಯವರು ಕನಿಕರಪಟ್ಟು ಒಂದು ಜೊತೆ ಪ್ಲಾಸ್ಟಿಕ್ ಪೆಡಲ್ ಸುಮ್ನೆ ಹಾಕಿಕೊಟ್ಟರು. ನೋಡೋಕೆ ಚೆನ್ನಾಗಿಯೇ ಇದ್ದವು. ಒಣ ರಸ್ತೆಯಲ್ಲಿ ಯಾವ ತಕರಾರೂ ಇಲ್ಲ. ಮಳೆ ಬಿದ್ದ ಮಾರನೇ ಬೆಳಿಗ್ಗೆ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಹೋದರೆ ಮಾತ್ರ ಬಣ್ಣ ಬಯಲಾಗುತ್ತೆ. ಏರಿಯ ಮಣ್ಣು ಒದ್ದೆಯಾದರೆ ಶೂ ತಳಕ್ಕೆ ಒಂದು ಪದರ ಮೆತ್ತಿಕೊಳ್ಳುತ್ತೆ, ಆಮೇಲೆ ಶೂಗೂ ಪೆಡಲ್‌ಗೂ ಯಾವ ಸಂಬಂಧವೂ ಇರಲ್ಲ. ಒಂದು ಗುಂಡಿ ಬಂತು, ಸೈಕಲ್ ಎಗರಿತು, ಬಲಗಾಲು ಪೆಡಲ್ ಬಿಟ್ಟು ಮುಂದಕ್ಕೆ ಹೋಯಿತು, ಪೆಡಲ್ ಗಿರ್ರನೆ ಒಂದು ಸುತ್ತು ಸುತ್ತಿ ಹಿಂದಿನಿಂದ ಬಂದು ಮೀನಖಂಡಕ್ಕೆ ಬಾರಿಸಿತು, ನಾನು ಸೀಟಿನ ಬದಲು ಅದರ ಮುಂದಿನ ಕಬ್ಬಿಣದ ಕೊಳವೆ ಮೇಲೆ ಕೂತೆ. ಎಲ್ಲಿ ತಗುಲಿತು ಅಂತ ಬಿಡಿಸಿ ಬರೆಯಲ್ಲ. ನಾಲೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಕೈ ನಿಲ್ಲಿಸಿ "ಪೆಟ್ಟಾಯ್ತಾ ಮಗ?" ಅಂತ ಕೇಳಿದರು. "ಇಲ್ಲ ಅಜ್ಜಿ" ಅಂದೆ. ಹೊರಗೆ ಬಂದದ್ದು ನಾನು ಮಿಡ್ಲ್ ಸ್ಕೂಲಿನಲ್ಲಿ ಇದ್ದಾಗಿನ ಧ್ವನಿ.

ಮೈಸೂರಿನಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಚಾಮುಂಡಿ ಬೆಟ್ಟ ಹತ್ತದೆ ಕಾಫಿ ಕುಡಿಯದ ಜಾತಿ. ಈ ಕಥೆ ಕೇಳಿ, "ಕಾಲು ಜಾರೋದೇ ಬೇಡ ಅಂದ್ರೆ ಎಸ್‌ಪಿಡಿ ಹಾಕಿಸಿಬಿಡು" ಅಂದ. ಶಿಮಾನೋ ಕಂಪನಿ 1990ರಲ್ಲಿ ತಂದ ಪೆಡಲ್ ಅದು. ಶೂ ತಳಕ್ಕೆ ಒಂದು ಲೋಹದ ತುಂಡು ಕೂರಿಸಿರುತ್ತಾರೆ, ಅದು ಪೆಡಲ್‌ಗೆ ಟಕ್ ಅಂತ ಕಚ್ಚಿಕೊಳ್ಳುತ್ತೆ, ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಅದರ ಮಹಿಮೆ ತೋರಿಸೋಕೆ ಅಂತಲೇ ಅವನು ಒಂದು ಭಾನುವಾರ ಕರಿಘಟ್ಟಕ್ಕೆ ಬಂದ. ಬೆಟ್ಟದ ಬುಡದಲ್ಲಿ ಕುರಿಮಂದೆ ಅಡ್ಡ ಬಂತು. ಅವನು ಬ್ರೇಕ್ ಹಿಡಿದ. ಸೈಕಲ್ ನಿಂತಿತು. ಹಿಮ್ಮಡಿ ತಿರುಗಿಸುವ ವಿಷಯ ನೆನಪಾಗುವಷ್ಟರಲ್ಲಿ ಅವನು ಎಡಕ್ಕೆ ವಾಲತೊಡಗಿದ್ದ. ಬಿದ್ದ ಅನ್ನೋದಕ್ಕಿಂತ, ಎರಡೂ ಕೈ ಹ್ಯಾಂಡಲ್ ಮೇಲೆ, ಎರಡೂ ಕಾಲು ಪೆಡಲ್ ಮೇಲೆ, ಕೂತ ಭಂಗಿಯಲ್ಲೇ ಮಲಗಿದ ಅನ್ನಬೇಕು. ಕುರಿಗಳು ಅವನನ್ನು ಬಳಸಿಕೊಂಡು ಹೋದವು. ಕೊನೆಗೆ ಬಂದ ಮೇಕೆಯೊಂದು ನಿಂತು ಅವನ ನೀರಿನ ಬಾಟಲ್ ಮೂಸಿತು.

"ಅಭ್ಯಾಸ ಆಗಬೇಕು ಅಷ್ಟೇ, ರೇಸಿನಲ್ಲಿ ಎಲ್ಲರೂ ಇದನ್ನೇ ಹಾಕೋದು" ಅಂದ, ಮಲಗಿಕೊಂಡೇ. ನಾನು ಸ್ಯಾಮ್ ಹಿಲ್ ಹೆಸರು ಎತ್ತಿದೆ. ಆಸ್ಟ್ರೇಲಿಯಾದ ಈ ಮನುಷ್ಯ 2017, 2018, 2019, ಸತತ ಮೂರು ವರ್ಷ ಎಂಡ್ಯೂರೋ ವರ್ಲ್ಡ್ ಸೀರೀಸ್ ಅನ್ನೋ ಮೌಂಟನ್ ಬೈಕ್ ರೇಸ್ ಸರಣಿ ಗೆದ್ದದ್ದು ಫ್ಲಾಟ್ ಪೆಡಲ್ ಮೇಲೆ. ಕಾಲಿಗೆ ಯಾವ ಕ್ಲಿಪ್ಪೂ ಇಲ್ಲ. ಗೆಳೆಯ ಏನೂ ಹೇಳಲಿಲ್ಲ. ಹೇಳುವ ಸ್ಥಿತಿಯಲ್ಲೂ ಇರಲಿಲ್ಲ, ಬಲಗಾಲು ಇನ್ನೂ ಪೆಡಲ್‌ನಲ್ಲೇ ಇತ್ತು.

ಸರಿ, ಫ್ಲಾಟ್ ಅಂತ ತೀರ್ಮಾನ ಆಯಿತು. ಯಾವುದು? ಇಲ್ಲಿ ಸ್ವಲ್ಪ ವಿಷಯ ಇದೆ. ಗ್ರಿಪ್ ಕೊಡುವುದು ಪಿನ್ನು. ಪೆಡಲ್‌ನ ಎರಡೂ ಮುಖದಲ್ಲಿ ಅಂಚಿನುದ್ದಕ್ಕೂ ಚಿಕ್ಕ ಚಿಕ್ಕ ಲೋಹದ ಪಿನ್ ಎದ್ದು ನಿಂತಿರುತ್ತವೆ, ಅವು ಶೂ ತಳದ ರಬ್ಬರಿಗೆ ಇಳಿದರೆ ಕಾಲು ಅಲ್ಲಾಡಲ್ಲ. ಅಗ್ಗದ ಪೆಡಲ್‌ನಲ್ಲಿ ಅಚ್ಚಿನಲ್ಲೇ ಎದ್ದ ಪ್ಲಾಸ್ಟಿಕ್ ಹಲ್ಲು ಇರುತ್ತೆ. ಅದು ಕಲ್ಲಿಗೆ ಉಜ್ಜಿ ಉಜ್ಜಿ ಬೇಗ ಬೋಳಾಗುತ್ತೆ, ಮತ್ತೆ ಚಿಗುರಲ್ಲ. ಲೋಹದ ಪಿನ್ ಬಿಚ್ಚಿ ಬದಲಾಯಿಸಬಹುದು. ಆದರೆ ಎಲ್ಲಾ ಪಿನ್ನೂ ಒಂದೇ ಅಲ್ಲ. ಕೆಲವಕ್ಕೆ ಆಲನ್ ಕೀ ಹಾಕುವ ತೂತು ತಲೆ ಮೇಲೇ ಇರುತ್ತೆ. ಕುಂತಿಬೆಟ್ಟದ ಬುಡದ ಬಂಡೆಗೆ ಒಂದು ಸಲ ಗುದ್ದಿದರೆ ಆ ತೂತು ಚಪ್ಪಟೆಯಾಗಿ ಮುಚ್ಚಿಹೋಗುತ್ತೆ, ಆಮೇಲೆ ಪಿನ್ ಪೆಡಲ್‌ನ ಆಸ್ತಿ. ಕೆಳಗಿನ ಮುಖದಿಂದ ತೂರಿಸುವ ಪಿನ್ ಇರುವ ಪೆಡಲ್ ತಗೊಳ್ಳಿ. ತಲೆ ಜಜ್ಜಿ ಹೋದರೂ ಬುಡದಿಂದ ಬಿಚ್ಚಬಹುದು.

ಮೈ ಅಲ್ಯೂಮಿನಿಯಮ್ಮೋ ನೈಲಾನೋ ಅಂತ ಜನ ದಿನಗಟ್ಟಲೆ ಜಗಳ ಆಡುತ್ತಾರೆ. ನನ್ನ ಓಟು ನೈಲಾನಿಗೆ. ಅಲ್ಯೂಮಿನಿಯಂ ತೆಳ್ಳಗೆ ಇರುತ್ತೆ, ಬಣ್ಣ ಚೆಂದ, ಕಲ್ಲಿಗೆ ತಾಗಿದರೆ ಕಚ್ಚಿ ಹಿಡಿಯುತ್ತೆ, ಬಣ್ಣವೂ ಹೋಯಿತು ದುಡ್ಡೂ ಹೋಯಿತು. ನೈಲಾನ್ ಕಲ್ಲಿನ ಮೇಲೆ ಉಜ್ಜಿಕೊಂಡು ಜಾರಿ ಮುಂದೆ ಹೋಗುತ್ತೆ, ಬೆಲೆಯೂ ಕಡಿಮೆ. ರೇಸ್‌ಫೇಸ್ ಚೆಸ್ಟರ್, ಒನ್‌ಅಪ್ ಕಾಂಪೋಸಿಟ್ ಎರಡೂ ಈ ಜಾತಿಯವೇ: ನೈಲಾನ್ ಮೈ, ಲೋಹದ ಪಿನ್. ಆಕ್ಸಲ್, ಅಂದರೆ ಪೆಡಲ್ ತಿರುಗುವ ನಡುಗೋಲು, ಕ್ರೋಮೋಲಿ ಉಕ್ಕಿಂದು ಇದ್ದರೆ ಸಾಕು. ಟೈಟಾನಿಯಂ ಆಕ್ಸಲ್ ಹಗುರ, ಆದರೆ ಅಂಥವಕ್ಕೆ ಸವಾರನ ತೂಕಕ್ಕೆ ಮಿತಿ ಇರುವುದುಂಟು. ಮುದ್ದೆ ತಿನ್ನುವ ಮನೆಯಲ್ಲಿ ಅದರ ಮಾತೇ ಬೇಡ. ಅಗಲ 100ರಿಂದ 110 ಮಿಲಿಮೀಟರ್ ಆಸುಪಾಸು ಇರಲಿ. ಇನ್ನೂ ಅಗಲ ಇದ್ದರೆ ಕಾಲಿಗೆ ಸುಖ, ಆದರೆ ದಾರಿಯಲ್ಲಿ ಸಿಕ್ಕ ಎಲ್ಲಾ ಕಲ್ಲನ್ನೂ ಮಾತಾಡಿಸಿಕೊಂಡು ಹೋಗುತ್ತೆ. ಮಧ್ಯ ಸ್ವಲ್ಪ ತಗ್ಗಾಗಿ ಅಂಚು ಎದ್ದಿರಬೇಕು, ಪಾದ ಒಳಗೆ ಕೂರುತ್ತೆ.

ಅಂಗಡಿಯಲ್ಲಿ ಪೆಡಲ್‌ನ ಬೆರಳಿಂದ ತಿರುಗಿಸಿ, ಅದು ನಿಲ್ಲದೆ ತಿರುಗೋದನ್ನ ತೋರಿಸಿ, "ನೋಡಿ ಸಾರ್ ಎಷ್ಟು ಸ್ಮೂತು" ಅನ್ನುತ್ತಾರೆ. ಅದಕ್ಕೆ ಮರುಳಾಗಬೇಡಿ. ಸೀಲ್ ಇರುವ ಒಳ್ಳೆ ಬೇರಿಂಗ್ ಹೊಸದರಲ್ಲಿ ಕೊಂಚ ಬಿಗಿಯಾಗೇ ತಿರುಗೋದು. ಬೇಕಾಬಿಟ್ಟಿ ತಿರುಗುವ ಪೆಡಲ್ ಮೇಲೆ ಕಾಲು ಎತ್ತಿ ಇಡುವಷ್ಟರಲ್ಲಿ ಅದು ಅಂಚು ಮೇಲೆ ಮಾಡಿ ನಿಂತಿರುತ್ತೆ. ನೋಡಬೇಕಾದ್ದು ಅಲುಗಾಟ. ಹಿಡಿದು ಅಲ್ಲಾಡಿಸಿ, ಕಟಕಟ ಅಂದರೆ ವಾಪಸ್ ಇಟ್ಟುಬಿಡಿ.

ಇಷ್ಟೆಲ್ಲ ನೋಡಿ ತಂದ ಪೆಡಲ್‌ನ ಹಾಕುವ ಕೆಲಸ ನಮ್ಮ ಭಾವ ವಹಿಸಿಕೊಂಡರು. ಅವರು ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವರು, ಸೈಕಲ್ ಅವರಿಗೆ ಲೆಕ್ಕಕ್ಕೇ ಇಲ್ಲ. ಬಲಗಡೆಯ ಹಳೇ ಪೆಡಲ್ ಕ್ಷಣದಲ್ಲಿ ಬಿಚ್ಚಿ ಬಂತು. ಎಡಗಡೆಯದು ಬರಲಿಲ್ಲ. ಭಾವ ಸ್ಪ್ಯಾನರ್‌ಗೆ ಒಂದು ಪೈಪ್ ಸಿಕ್ಕಿಸಿ ಜಗ್ಗಿದರು, ಬರಲಿಲ್ಲ. ಪೈಪ್ ಮೇಲೆ ಹತ್ತಿ ನಿಂತರು. ಸೈಕಲ್ಲೇ ಮೇಲೆದ್ದಿತು, ಪೆಡಲ್ ಮಾತ್ರ ಅಲ್ಲಾಡಲಿಲ್ಲ. "ಎಡಗಡೆ ಮರೆ, ಅದೇ ಥ್ರೆಡ್ಡು, ಉಲ್ಟಾ ಇರುತ್ತೆ ಭಾವ" ಅಂದೆ. ಟ್ರ್ಯಾಕ್ಟರ್ ಬಿಚ್ಚುವವರಿಗೆ ಬುದ್ಧಿ ಹೇಳಬಾರದು ಅನ್ನೋ ಮುಖ ಮಾಡಿ ಇನ್ನೂ ಬಿಗಿ ಮಾಡಿದರು. ಕೊನೆಗೆ ಪೇಟೆಬೀದಿಯ ಹಳೇ ಸೈಕಲ್ ಮೇಸ್ತ್ರಿ ಹತ್ತಿರ ಹೋಗಬೇಕಾಯಿತು. ಅವರು ಬೀಡಿ ಬಾಯಲ್ಲಿಟ್ಟುಕೊಂಡೇ ಸ್ಪ್ಯಾನರ್ ಮೇಲ್ಮುಖ ಮಾಡಿ ಹಿಡಿದು, ಹಿಂದಿನ ಚಕ್ರದ ಕಡೆಗೆ ಒಂದೇ ಏಟು ಕೊಟ್ಟರು. "ಮುಂದ್ಕೆ ತಿರುಗ್ಸುದ್ರೆ ಬಿಗಿ, ಇಂದ್ಕೆ ತಿರುಗ್ಸುದ್ರೆ ಸಡ್ಲ. ಎರಡ್ ಕಡೀಕೂ ಅಷ್ಟೇ" ಅಂದರು. ತುಳಿಯುವಾಗ ಪೆಡಲ್ ತಾನಾಗೇ ಬಿಚ್ಚಿಕೊಳ್ಳದೆ ಇರಲಿ ಅಂತ ಎಡಗಡೆ ಮರೆಯನ್ನು ಉಲ್ಟಾ ಮಾಡಿರುತ್ತಾರೆ. ಹೊಸದು ಹಾಕುವಾಗ ಮರೆಗೆ ಗ್ರೀಸ್ ಸವರಿದರೆ ಮುಂದೊಂದು ದಿನ ಪೈಪ್ ಮೇಲೆ ಯಾರೂ ಹತ್ತಬೇಕಾಗಿಲ್ಲ. ಭಾವ ಅವತ್ತಿನಿಂದ ನನ್ನ ಸೈಕಲ್ ಮುಟ್ಟಿಲ್ಲ.

ಹೊಸ ಪೆಡಲ್‌ನ ಗ್ರಿಪ್ಪು ಎಷ್ಟು ಜೋರು ಅಂತ ಮೊದಲು ಗೊತ್ತಾದದ್ದು ಅಪ್ಪನಿಗೆ. ಅವರ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ, ಹಾಲಿನ ಡೈರಿಗೆ ಹೊತ್ತಾಗಿತ್ತು, ಪಂಚೆ ಎತ್ತಿ ಕಟ್ಟಿ ನನ್ನ ಸೈಕಲ್ ಹತ್ತಿ ಹೊರಟರು. ಡೈರಿ ತನಕ ಸರಿಯಾಗಿಯೇ ಹೋಗಿದ್ದಾರೆ. ಇಳಿಯುವಾಗ ಪಂಚೆ ಅಂಚು ಪಿನ್ನಿಗೆ ಸಿಕ್ಕಿದೆ. ಅಪ್ಪ ಮುಂದಕ್ಕೆ ಹೆಜ್ಜೆ ಇಟ್ಟರು, ಪಂಚೆ ಸೈಕಲ್ಲಿನ ಜೊತೆಯೇ ಉಳಿಯಿತು. ಒಂದು ಕೈಯಲ್ಲಿ ಕ್ಯಾನು, ಇನ್ನೊಂದು ಕೈಯಲ್ಲಿ ಮಾನ, ಸುತ್ತ ಡೈರಿಯ ಸದಸ್ಯರೆಲ್ಲ ಹಾಜರ್. ಯಾರೋ ಟವೆಲ್ ಕೊಟ್ಟರಂತೆ. ಸಂಜೆ ಮನೆಯಲ್ಲಿ ಅವರು ಆ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಇದು ತುಳಿಯೋಕೆ ಮಾಡಿರೋದಾ, ಕಳ್ಳರಿಗೆ ಮಾಡಿರೋದಾ?" ಅಂತ ಕೇಳಿದರು. ನಮ್ಮೂರಲ್ಲಿ ಹುಲ್ಲಿನ ಹೊರೆ ಹೊರುವ ದೊಡ್ಡ ಸೈಕಲ್ಲಿನ ರಬ್ಬರ್ ಪೆಡಲ್ ಎಷ್ಟು ಸಾಧು ಅನ್ನೋದು ಅವತ್ತು ಎಲ್ಲರಿಗೂ ಅರ್ಥವಾಯಿತು.

ನನ್ನ ಕಣಕಾಲಿನ ವಿಷಯ ಜಾಸ್ತಿ ಹೇಳಲ್ಲ. ಈ ಪೆಡಲ್‌ನಿಂದ ಕಾಲು ಜಾರೋದು ಅಪರೂಪ. ಜಾರಿದರೆ ಮಾತ್ರ ಪಿನ್ ಸಾಲು ಮೂಳೆ ಮೇಲೆ ನೇರವಾಗಿ ಸಹಿ ಹಾಕುತ್ತೆ. ಮದುವೆ ಮನೆಯಲ್ಲಿ ಪಂಚೆ ಉಟ್ಟು ಕೂತಾಗ ಆ ಸಾಲು ಕಂಡ ಬಂಧುವೊಬ್ಬರು ನಾಯಿ ಇಂಜೆಕ್ಷನ್ ಆಯಿತಾ ಅಂತ ವಿಚಾರಿಸಿದರು. ಆಯಿತು ಅಂದೆ. ಪೆಡಲ್ ಅಂದರೆ ಇನ್ನೂ ಅರ್ಧ ಗಂಟೆ ಮಾತಾಡಬೇಕಿತ್ತು, ಅತ್ತ ಊಟದ ಎರಡನೇ ಪಂಕ್ತಿ ಕೂರುತ್ತಿತ್ತು. ನೀವು ಮಾತ್ರ ಶಿನ್ ಗಾರ್ಡ್ ಹಾಕಿಕೊಳ್ಳಿ.

ಪೆಡಲ್ ಎಷ್ಟೇ ಚೆನ್ನಾಗಿದ್ದರೂ ಶೂ ಸರಿ ಇಲ್ಲದಿದ್ದರೆ ಅರ್ಧ ದುಡ್ಡು ನೀರಿಗೆ ಹಾಕಿದ ಹಾಗೆಯೇ. ಓಡುವ ಶೂ ಬೇಡ. ಅದರ ತಳ ಮೆತ್ತಗೆ, ಗೀರುಗಳು ಆಳ, ಪಿನ್ ಎಲ್ಲೆಲ್ಲೋ ಸಿಕ್ಕಿ ಸ್ಪಂಜನ್ನು ಕಿತ್ತು ತಿನ್ನುತ್ತೆ. ತಳ ಸಪಾಟಾಗಿರಬೇಕು, ರಬ್ಬರ್ ಅಂಟಂಟಾಗಿರಬೇಕು. ಫೈವ್ ಟೆನ್ ಅನ್ನೋ ಬ್ರಾಂಡಿನ ಶೂಗಳಲ್ಲಿ ಹಾಕುವ ಸ್ಟೆಲ್ತ್ ರಬ್ಬರ್ ಮೊದಲು ಬಂದದ್ದು ಬಂಡೆ ಹತ್ತುವವರಿಗೆ ಅಂತ, ಆಮೇಲೆ ಸೈಕಲ್ಲಿನವರು ಅದನ್ನು ಬಿಡಲೇ ಇಲ್ಲ. ಇಳಿಜಾರಿನಲ್ಲಿ ಹಿಮ್ಮಡಿ ಕೆಳಗೆ ಮಾಡಿ ನಿಂತರೆ ಕಾಲು ಇನ್ನೂ ಗಟ್ಟಿ. ಆ ಶೂ ಹಾಕಿಕೊಂಡು ಮೇಲುಕೋಟೆ ಕಡೆ ಕಲ್ಲುದಾರಿಯಲ್ಲಿ ಇಳಿದ ದಿನ ನನಗೆ ನನ್ನ ಬಗ್ಗೆಯೇ ಗೌರವ ಬಂತು. ಇದಕ್ಕಿಂತ ಗ್ರಿಪ್ಪು ಈ ಭೂಮಿ ಮೇಲೆ ಇರೋಕೆ ಸಾಧ್ಯ ಇಲ್ಲ ಅನ್ನಿಸಿತು.

ಇದೆ. ಆಲೆಮನೆಯಲ್ಲಿ ಸಿಗುತ್ತೆ.

ಮೈಸೂರಿನ ಗೆಳೆಯನ ಜೊತೆ ಪಾಂಡವಪುರದ ಕಡೆಯಿಂದ ವಾಪಸ್ ಬರುವಾಗ ರಸ್ತೆ ಪಕ್ಕ ಆಲೆಮನೆಯಿಂದ ಹೊಗೆ ಏಳುತ್ತಿತ್ತು. ಬಿಸಿ ಬೆಲ್ಲದ ವಾಸನೆ ಬಂದ ಮೇಲೆ ಸೈಕಲ್ ತಾನಾಗೇ ತಿರುಗುತ್ತೆ, ಅದರಲ್ಲಿ ನಮ್ಮ ಕೈವಾಡ ಏನೂ ಇರಲ್ಲ. ಕೊಪ್ಪರಿಗೆಯಿಂದ ಪಾಕ ಇಳಿಸುವ ಹೊತ್ತು. ಅಚ್ಚಿಗೆ ಸುರಿಯುವಾಗ ಚೆಲ್ಲಿದ್ದು ನೆಲದ ಮೇಲೆ ಹರಿದಿತ್ತು. ಅದರ ಮೇಲೆಯೇ ಓಡಾಡಿ, ಮುತ್ತುಗದ ಎಲೆ ಮೇಲೆ ಬಿಸಿ ಬೆಲ್ಲ ತಿಂದು, ಕಬ್ಬಿನ ಹಾಲು ಕುಡಿದು, ಹೊಟ್ಟೆ ತುಂಬಿಸಿಕೊಂಡು ಹೊರಟೆವು. ಆಹಾ, ಏನು ಗ್ರಿಪ್ಪು! ಕಾಲು ಪೆಡಲ್ ಬಿಟ್ಟು ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಗಾಳಿಗೆ ಪಾಕ ಆರುತ್ತಾ ಬಂತು. ಪಾಕ ಆರಿದರೆ ಏನಾಗುತ್ತೆ ಅಂತ ಮಂಡ್ಯದ ಮಗುವಿಗೂ ಗೊತ್ತು.

ರೈಲ್ವೆ ಗೇಟು ಹಾಕಿತ್ತು. ಬ್ರೇಕ್ ಹಿಡಿದೆ. ಕಾಲು ಎತ್ತಿದೆ. ಕಾಲು ಬರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್, ಎರಡು ಬಸ್ಸು, ಲೆಕ್ಕವಿಲ್ಲದಷ್ಟು ಬೈಕು ನೋಡುತ್ತಿರುವಾಗ, ಎರಡೂ ಕೈ ಹ್ಯಾಂಡಲ್ ಮೇಲೆ ಇಟ್ಟುಕೊಂಡು ನಾನೂ ಎಡಕ್ಕೆ ಮಲಗಿದೆ. ಗೆಳೆಯ ಈ ಸಲ ಸರಿಯಾಗಿ ಹಿಮ್ಮಡಿ ತಿರುಗಿಸಿ ಇಳಿದು ಬಂದು, ಸ್ಯಾಮ್ ಹಿಲ್‌ನ ಕ್ಷೇಮಸಮಾಚಾರ ವಿಚಾರಿಸಿದ.

ಮನೆಗೆ ಬಂದು ಸೈಕಲ್ ಜಗುಲಿ ಮೇಲೆ ನಿಲ್ಲಿಸಿ ಮಲಗಿದೆ. ಬೆಳಿಗ್ಗೆ ಅಮ್ಮನ ಕೂಗಿಗೆ ಎದ್ದರೆ, ಹೊಸಿಲಿನಿಂದ ಹೊರಟ ಕಟ್ಟಿರುವೆ ಸಾಲು ಟೈರ್ ಹತ್ತಿ, ಚೈನ್ ಮೇಲೆ ಸಾಗಿ, ಎರಡೂ ಪೆಡಲ್ ತುಂಬಿಕೊಂಡಿದೆ. ಒಂದೊಂದು ಪಿನ್ನಿನ ಸುತ್ತ ಒಂದೊಂದು ಸಭೆ. ಅಮ್ಮ ಒಂದು ಚೊಂಬು ಬಿಸಿನೀರು ಸುರಿದರು. ನಾನು ಹೇರ್‌ಪಿನ್ ಹಿಡಿದು ಪಿನ್ ಬುಡದ ಬೆಲ್ಲ ಕೆರೆಯುತ್ತಾ ಕೂತೆ. ಆಕ್ಸಲ್ ಬಿಚ್ಚಿ ನೋಡಿದರೆ ಬೇರಿಂಗ್ ಒಳಗೆ ಒಂದೇ ಒಂದು ಇರುವೆ ಇರಲಿಲ್ಲ, ಗ್ರೀಸ್ ಹಾಗೇ ಇತ್ತು. ಆ ಸೀಲಿಗೆ ಇಂಥ ಪರೀಕ್ಷೆ ಯಾವ ಕಂಪನಿಯೂ ಮಾಡಿರಲಿಕ್ಕಿಲ್ಲ. ಇಷ್ಟಾದರೂ ಅಮ್ಮನಿಗೆ ನಂಬಿಕೆ ಬರಲಿಲ್ಲ, ಇರುವೆ ಮತ್ತೆ ಬರುತ್ತೆ ಅಂತ ಪೆಡಲ್‌ಗೆ, ಚಕ್ರಕ್ಕೆ, ಸುತ್ತ ನೆಲಕ್ಕೆ ಧಾರಾಳವಾಗಿ ಅರಿಶಿನ ಉದುರಿಸಿದರು.

ಎದುರು ಮನೆಯವರು ಗೇಟಿನ ಹತ್ತಿರ ನಿಂತು ನೋಡಿ, "ಆಯುಧಪೂಜೆ ಆಗಿ ಎಷ್ಟೋ ದಿನ ಆಯ್ತಲ್ವಾ, ಈಗ್ಯಾಕೆ?" ಅಂತ ಕೇಳಿದರು. ಅಮ್ಮ ತಲೆ ಎತ್ತದೆ, "ಬೂದುಗುಂಬಳ ಸಿಕ್ಕಿರಲಿಲ್ಲ" ಅಂದರು.